ಮೊಣಕಾಲಿನ ಸೊನ್ನೆ

"ಬಲ ಮೊಣಕಾಲು ನೇರವಾಗಿದೆ. ಸುರಕ್ಷಿತ" ಎಂದಿತು ಆನಿಕೆ.

ಅದೇ ಹೊತ್ತಿಗೆ ಸಂಪದಾ ಮೆಟ್ಟಿಲ ಕಂಬಿ ಹಿಡಿದು ತುಟಿ ಕಚ್ಚಿದಳು. ಕೆಳಗೆ ನಿಂತಿದ್ದ ನೀಲಾಂಬಿಕಾ ಮಗಳ ಕೊರಳಪಟ್ಟಿಯ ಗುಂಡಿಯಿಂದ ಬಂದ ಮಾತನ್ನೂ ಕೇಳಿದಳು, ಮಗಳ ಮುಖವನ್ನೂ ನೋಡಿದಳು. ಎರಡೂ ಒಂದೇ ದೇಹದ ಸುದ್ದಿ ಹೇಳುತ್ತಿವೆ ಎನ್ನಿಸಲಿಲ್ಲ. ಫೋನು ತೆಗೆದು ನೋಡಿದಳು. ತೆರೆಯ ಮೇಲೆ ಮಗಳ ಎರಡೂ ಕಾಲು ಹಸಿರು. ಅದನ್ನು ನೋಡಿಯಾದ ಮೇಲೆಯೇ ಕೇಳಿದಳು:

"ನೋವಾತೇನ?"

"ಇಲ್ಲವ್ವ."

"ಮತ್ತ ಮಾರಿ ಯಾಕ ಹಂಗ ಮಾಡಿದಿ?"

"ಆನಿಕೆ ಆರಾಮ ಐತಿ ಅನ್ನಾಕತ್ತೈತಲ್ಲ. ನಂದ ಏನೋ ಭ್ರಮೆ ಇರಬೇಕು ತಗೋ."

ಸಂಪದಾ ಕಂಬಿ ಬಿಟ್ಟು ಕಾಲೇಜಿನ ದಾರಿ ಹಿಡಿದಳು. ಭ್ರಮೆ ಎಂಬ ಮಾತು ನೀಲಾಂಬಿಕಾಳ ಕಿವಿಯಲ್ಲಿ ಉಳಿಯಿತು. ತನ್ನ ಹರೆಯದಲ್ಲಿ ಧಾರವಾಡದ ಒಂದೊಂದು ದವಾಖಾನೆಯಲ್ಲೂ ಆಕೆ ಕೇಳಿಸಿಕೊಂಡ ಮಾತು ಅದು. ಭುಜ ಜಾರುತ್ತದೆ ಎಂದರೆ ಭ್ರಮೆ, ಬೆರಳು ಕಳಚುತ್ತದೆ ಎಂದರೆ ಮದುವೆ ಮಾಡಿದರೆ ಸರಿಹೋಗುತ್ತದೆ. ದೇಹದ ಕೀಲುಗಳನ್ನೂ ಚರ್ಮವನ್ನೂ ಹಿಡಿದಿಡುವ ಕೊಲಾಜೆನ್ ಎಂಬ ನಾರು ಹುಟ್ಟಿನಿಂದಲೇ ಸಡಿಲವಾಗಿ ಹೆಣೆದುಕೊಂಡಿರುವವರು ಇದ್ದಾರೆ, ಅದು ತಾಯಿಯಿಂದ ಮಗಳಿಗೂ ಇಳಿಯಬಲ್ಲದು ಎಂದು ಅವಳಿಗೆ ಯಾರಾದರೂ ಬಿಡಿಸಿ ಹೇಳುವ ಹೊತ್ತಿಗೆ ಸಂಪದಾ ಹುಟ್ಟಿಯಾಗಿತ್ತು.

ಆನಿಕೆ ಬಂದದ್ದು ಇಂಥವರಿಗಾಗಿ, ಇವರೇ ಸೇರಿ ಕಟ್ಟಿಕೊಂಡ ಸಡಿಲು ಬಳಗದವರಿಗಾಗಿ. ಕಾಲಿಗೆ, ತೋಳಿಗೆ, ಸೊಂಟಕ್ಕೆ ಏರಿಸಿಕೊಳ್ಳುವ ತೆಳುವಾದ ಹೆಣಿಗೆಯ ತೊಡುಗೆ ಅದು. ಅದರ ಎಳೆಗಳು ಪ್ರತಿ ಕೀಲು ಎಷ್ಟು ಬಾಗಿದೆ ಎಂದು ಅಳೆಯುತ್ತವೆ. ಕೀಲು ಜಾರುವ ಮುನ್ನ ತಾವೇ ಬಿಗಿದುಕೊಂಡು ಅದನ್ನು ಸ್ವಸ್ಥಾನಕ್ಕೆ ಎಳೆಯುತ್ತವೆ. ಕೊರಳ ಗುಂಡಿ ಎಚ್ಚರಿಸುತ್ತದೆ, ಏನು ಮಾಡಬೇಕೆಂದು ಹೇಳುತ್ತದೆ, ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತದೆ. ಎಲ್ಲ ತೊಡುಗೆಗಳ ಅಳತೆಯೂ ಊರ ಹೊರಗಿನ ಆನಿಕೆ ಕೇಂದ್ರಕ್ಕೆ ಬಂದು ಸೇರುತ್ತದೆ. ನೀಲಾಂಬಿಕಾ ಅಲ್ಲಿಯೇ ಅಳತೆ ನೋಡುವ ಕೆಲಸದಲ್ಲಿದ್ದಳು. ಭೌತಶಾಸ್ತ್ರ ಓದಿದವಳು, ಮೇಲಾಗಿ ತಾನೂ ಅದೇ ರೋಗದವಳು. ಸಂದರ್ಶನದಲ್ಲಿ ಎರಡನೆಯದೇ ಹೆಚ್ಚು ಉಪಯೋಗಕ್ಕೆ ಬಂದಿತ್ತು.

ಈಗ ಗುರುವಾರ ಸಂಪದಾಗೆ ಕೊಂಡಿಮದ್ದು ಕೊಡುವುದೆಂದು ನಿಗದಿಯಾಗಿತ್ತು. ಇಳಕಲ್ ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಕೂಡಿಸುತ್ತಾರಲ್ಲ, ಆ ಹೆಸರನ್ನೇ ಇಟ್ಟಿದ್ದರು. ಕೀಲಿನ ಸುತ್ತ ಚುಚ್ಚಿದ ಮದ್ದು ಸಡಿಲ ನಾರುಗಳ ನಡುವೆ ಹರಡಿಕೊಳ್ಳುತ್ತದೆ. ರೋಗಿ ಎದ್ದು ನಿಲ್ಲುತ್ತಾಳೆ. ಕಾಲು ನೇರವಿದೆ ಎಂದು ಆನಿಕೆ ಹೇಳಿದ ಕ್ಷಣ ಅದರ ಎಳೆಗಳಿಂದಲೇ ಒಂದು ಬೆಳಕು ಹಾಯುತ್ತದೆ, ನಾರಿಗೆ ನಾರು ಕೊಂಡಿ ಬೀಳುತ್ತದೆ. ಆಮೇಲೆ ಮೊಣಕಾಲು ಮಡಚುತ್ತದೆ, ಬಿಚ್ಚುತ್ತದೆ, ಆದರೆ ಬೆಳಕು ಬಿದ್ದಾಗ ನಿಂತಿದ್ದ ಜಾಗವೇ ಅದರ ಕೊನೆಯ ನಿಲ್ದಾಣ. ಒಮ್ಮೆ ಬಿದ್ದ ಕೊಂಡಿಯನ್ನು ಬಿಚ್ಚುವ ಉಪಾಯ ಇನ್ನೂ ಯಾರಿಗೂ ತಿಳಿದಿರಲಿಲ್ಲ.

*

ನಿಯಂತ್ರಣ ಕೋಣೆಯ ಗೋಡೆಯ ಮೇಲೆ ಜಿಲ್ಲೆಯ ರೋಗಿಗಳೆಲ್ಲ ಹಸಿರು ಚುಕ್ಕೆಗಳಾಗಿ ಮಿನುಗುತ್ತಿದ್ದರು. ಮೊದಲ ವರ್ಷ ಅಲ್ಲಿ ಕೆಂಪು ಹೆಚ್ಚಿತ್ತು. ಈಗ ಕೆಂಪು ಹುಡುಕಬೇಕು. ಬರುವ ತಿಂಗಳು ಪರಿಶೀಲನಾ ಸಮಿತಿ ಬರುವುದಿತ್ತು, ಕೇಂದ್ರಕ್ಕೆ ಮುಂದಿನ ಅನುದಾನ ಅದರ ಕೈಯಲ್ಲಿತ್ತು. ಎಚ್ಚರಿಕೆಗಳು ಇಷ್ಟು ಅಚ್ಚುಕಟ್ಟಾಗಿ ಇಳಿದದ್ದು ನೀಲಾಂಬಿಕಾಗೆ ಸರಿಬರಲಿಲ್ಲ. ಇಂತಿಷ್ಟು ಬಾಗಿದರೆ ಎಚ್ಚರಿಸು ಎಂಬ ಮಿತಿಯನ್ನು ಯಾರೋ ಸದ್ದಿಲ್ಲದೆ ಮೇಲಕ್ಕೆ ಸರಿಸಿರಬೇಕು. ಹಾಗೆ ಮಾಡಿದರೆ ರೋಗಿ ನರಳಿದರೂ ಗೋಡೆ ಹಸಿರಾಗಿಯೇ ಇರುತ್ತದೆ.

ಅವಳು ಮಿತಿಗಳನ್ನು ಮೊದಲಿನಿಂದ ತೆಗೆದು ನೋಡುತ್ತಿದ್ದಾಗ ಬೆನ್ನ ಹಿಂದೆ ಚಹಾದ ವಾಸನೆ ಬಂತು. ಕೇಂದ್ರದ ಮುಖ್ಯಸ್ಥ ಡಾ. ವಾದಿರಾಜ ಗಲಗಲಿ ಕಪ್ಪು ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಏನ್ರಿ ಇಟಗಿಯವರ, ಹಳೇದೆಲ್ಲ ಕೆದರಲಿಕ್ಕೆ ಹತ್ತೀರಿ?"

"ಎಚ್ಚರಿಕಿ ಭಾಳ ಕಡಿಮಿ ಆಗ್ಯಾವಲ್ಲ ಸರ್. ಯಾಕಂತ ನೋಡಾಕತ್ತಿದ್ದೆ."

"ಕಡಿಮಿ ಆದ್ರ ಖುಷಿ ಪಡಬೇಕ್ರಿ. ನಿಮ್ಮ ಬಳಗದವರಿಗೆ ಖುಷಿ ಪಡೋದ ಮರತು ಹೋಗೇದ." ಅವರು ನಕ್ಕರು. "ಗುರುವಾರ ಮಗಳನ್ನ ಕರಕೊಂಡು ಬರ್ತೀರಲ್ಲ?"

"ಬರ್ತೀನ್ರಿ."

"ಮತ್ತೇನು ಅನುಮಾನ?"

ಅವಳು ತೆರೆಯನ್ನು ಮುಚ್ಚುವವರೆಗೂ ಅವರು ಅಲ್ಲಿಂದ ಕದಲಲಿಲ್ಲ. ಹೋದ ಮೇಲೆ ಮತ್ತೆ ತೆರೆದಳು. ಮಿತಿ ಮೊದಲ ದಿನ ಎಲ್ಲಿತ್ತೋ ಅಲ್ಲಿಯೇ ಇತ್ತು, ಯಾರೂ ಮುಟ್ಟಿರಲಿಲ್ಲ. ಅದರಿಂದ ಅವಳಿಗೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಸಂಪದಾಳ ಮೊಣಕಾಲಿನ ಅಳತೆಯ ಗೆರೆಯನ್ನು ಬಳಗದ ಉಳಿದವರ ಗೆರೆಗಳ ಮೇಲೆ ಇಟ್ಟು ನೋಡಿದಳು. ಎಲ್ಲ ಗೆರೆಗಳೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಒಂದರ ಮೇಲೊಂದು ಕೂತವು. ಯಾವ ಕೀಲು ಯಾವಾಗ ಎತ್ತ ಜಾರುತ್ತದೆಂದು ತಮಗೇ ಗೊತ್ತಿರದ ಜನ ಇಷ್ಟು ಒಂದೇ ತರಹ ಇರಲು ಹೇಗೆ ಸಾಧ್ಯ? ಸುಳ್ಳು ಇಲ್ಲೇ ಎಲ್ಲೋ ಇದೆ, ಕಣ್ಣಿಗೆ ಬೀಳುತ್ತಿಲ್ಲ ಎಂದುಕೊಂಡಳು.

*

ಬುಧವಾರ ಸಂಜೆ ಗಂಡ ಶಂಭು ಕುಂಟುತ್ತ ಬಂದ. ವಕೀಲ. ಕೋರ್ಟಿನ ಮೆಟ್ಟಿಲು ಇಳಿಯುವಾಗ ಕಾಲು ಹೊರಳಿತ್ತು.

"ಇಡೀ ಮನಿಯೊಳಗ ನೆಟ್ಟಗಿದ್ದಾವ ನಾ ಒಬ್ಬ ಇದ್ದೆ. ನಂದೂ ಹೋತು" ಎಂದು ಕುರ್ಚಿಯ ಮೇಲೆ ಕುಸಿದ. ನಂತರ ಮೊಳೆಗೆ ನೇತುಹಾಕಿದ್ದ ಮಗಳ ಬಲಗಾಲಿನ ತೊಡುಗೆ ಕಣ್ಣಿಗೆ ಬಿತ್ತು. "ಸಂಪಿ, ನಿನ್ನ ಆನಿಕೆ ಒಂಚೂರು ನನಗ ಏರಸು. ನೋಡೋಣ ಏನ್ ಅಂತೈತಿ."

"ಅದು ನನ್ನ ಅಳತಿದು ಅಪ್ಪಾ."

"ಹಿಗ್ಗತೈತಲ್ಲ, ಹಿಗ್ಗಲಿ."

ಕಷ್ಟಪಟ್ಟು ಏರಿಸಿಕೊಂಡು, ಗುಂಡಿಯನ್ನು ಅಂಗಿಗೆ ಸಿಕ್ಕಿಸಿ, ಗೋಡೆ ಹಿಡಿದು ಎದ್ದು ನಿಂತ. ಆನಿಕೆ ತಕ್ಷಣ ಮಾತಾಡಿತು.

"ಮೊಣಕಾಲು ಬಾಗಿದೆ. ದಯವಿಟ್ಟು ನೇರವಾಗಿ ನಿಲ್ಲಿ."

"ನಿಂತೇನಲ್ಲೋ ಮಾರಾಯ!"

"ಮೊಣಕಾಲು ಬಾಗಿದೆ. ನೆರವು ನೀಡಲಾಗುತ್ತಿದೆ." ತೊಡುಗೆ ಬಿಗಿಯಿತು. ಶಂಭು ಕೂಗಿಕೊಂಡ. "ಅಯ್ಯಯ್ಯೋ, ಹಿಂದಕ್ಕ ಜಗ್ಗಾಕತ್ತೈತಿ! ತಗೀರಿ, ತಗೀರಿ ಇದನ್ನ!"

ಸಂಪದಾ ಹೊಟ್ಟೆ ಹಿಡಿದುಕೊಂಡು ನಗುತ್ತ ಗುಂಡಿ ಒತ್ತಿ ಎಳೆತ ನಿಲ್ಲಿಸಿದಳು. "ನೆಟ್ಟಗ ನಿಲ್ಲು ಅಂದ್ರ ನೀ ಕುಂತಂಗ ನಿಂತೀದಿ ಅಪ್ಪಾ. ಅದಕ್ಕ ಬೈತು."

"ಯಾರು, ನಾ? ಕಂಬದಂಗ ನಿಂತೀನಿ. ನಿಮ್ಮ ಮಶೀನಿನ ಮ್ಯಾಲ ದಾವಾ ಹಾಕ್ತೀನಿ ನೋಡು!"

ನೀಲಾಂಬಿಕಾಳೂ ನಗುತ್ತಿದ್ದಳು. ಅವಳ ಕಣ್ಣಿಗೂ ಗಂಡ ತುಸು ಕೂತಂತೆಯೇ ಕಾಣುತ್ತಿದ್ದ. ಮದುವೆಯಾದಾಗಿನಿಂದ ಹಾಗೆಯೇ ಕಂಡಿದ್ದ. ಬೀದಿಯಲ್ಲಿ ಹೋಗುವ ಮುಕ್ಕಾಲು ಪಾಲು ಜನರೂ ಹಾಗೇ ಕಾಣುತ್ತಾರಲ್ಲ ಎಂದು ಹೊಳೆಯಿತು. ನಗು ಅರ್ಧಕ್ಕೇ ನಿಂತಿತು.

"ಅಲ್ಲೇ ನಿಲ್ರಿ. ಅಳ್ಳಾಡಬ್ಯಾಡ್ರಿ" ಎಂದಳು.

ದಾರದ ತುದಿಗೆ ಕಪಾಟಿನ ಕೀಲಿಕೈ ಕಟ್ಟಿದಳು. ಗಂಡನ ಸೊಂಟದ ಪಕ್ಕದ ಎಲುಬಿಗೆ ದಾರದ ಮೇಲ್ತುದಿ ಹಿಡಿದು, ಕೀಲಿಕೈ ಪಾದದ ಹತ್ತಿರ ತೂಗಾಡಿ ನಿಲ್ಲುವವರೆಗೆ ಕಾಯ್ದಳು. ದಾರ ಅವನ ಮೊಣಕಾಲಿನ ನಟ್ಟನಡುವೆ ಹಾದುಹೋಗಿತ್ತು. ಮಗಳನ್ನು ಕರೆದು ನಿಲ್ಲಿಸಿದಳು. ಸಂಪದಾ ತನ್ನ ರೂಢಿಯಂತೆ ನೇರವಾಗಿ ನಿಂತಳು. ದಾರ ಸೊಂಟದಿಂದ ಪಾದಕ್ಕೆ ಸರಿಯಾಗಿಯೇ ಇಳಿಯಿತು, ಮೊಣಕಾಲು ಮಾತ್ರ ದಾರದಿಂದ ಎಷ್ಟೋ ಹಿಂದೆ ಇತ್ತು. ಪಕ್ಕದಿಂದ ನೋಡಿದರೆ ಎಳೆದ ಬಿಲ್ಲಿನಂತೆ.

"ಈಗ ನನಗ ಹಿಡೀರಿ" ಎಂದಳು ಗಂಡನಿಗೆ.

ಶಂಭು ಬಗ್ಗಿ ನೋಡಿದ. ಅವನ ತಮಾಷೆಯೆಲ್ಲ ಹೋಗಿತ್ತು. "ನಿಂದೂ ಹಂಗ ಐತಿ, ನೀಲಾ. ಸಂಪಿಗಿಂತ ಒಂಚೂರು ಜಾಸ್ತೀನ ಐತಿ."

ಅವಳು ಅಲ್ಲಿಯೇ ನೆಲದ ಮೇಲೆ ಕೂತಳು. ತೊಡುಗೆ ಮೊದಲ ಸಲ ಹಾಕಿಕೊಂಡಾಗ ಕೊರಳ ಗುಂಡಿ ಒಂದು ಮಾತು ಹೇಳುತ್ತದೆ: ನೇರವಾಗಿ ನಿಲ್ಲಿ. ನಿಂತ ಕೋನವನ್ನು ಸೊನ್ನೆ ಎಂದು ಇಟ್ಟುಕೊಳ್ಳುತ್ತದೆ. ಮುಂದಿನ ಅಳತೆಯೆಲ್ಲ ಆ ಸೊನ್ನೆಯಿಂದ. ಸಡಿಲು ಕೀಲಿನವರು ಎಳೆತನದಿಂದಲೂ ಮೊಣಕಾಲನ್ನು ಹಿಂದಕ್ಕೆ ಒತ್ತಿ ಬೀಗ ಹಾಕಿದಂತೆ ನಿಲ್ಲುತ್ತಾರೆ, ಇಲ್ಲದಿದ್ದರೆ ನಿಂತೆವೆಂದೇ ಅವರಿಗೆ ಅನ್ನಿಸುವುದಿಲ್ಲ. ಅವರ ಪಾಲಿಗೆ ಅದೇ ನೇರ. ಎಲ್ಲರೂ ಪ್ರಾಮಾಣಿಕವಾಗಿ, ಒಂದೇ ತರಹ, ತಪ್ಪು ಸೊನ್ನೆ ಕೊಟ್ಟಿದ್ದರು. ಅದಕ್ಕೇ ಗೆರೆಗಳು ಒಂದರ ಮೇಲೊಂದು ಕೂತಿದ್ದವು. ನೋವು ತಾಳದೆ ಕಾಲು ತುಸು ಮುಂದೆ ಬಂದಾಗಲೆಲ್ಲ ಆನಿಕೆ ಅದನ್ನು ಮೆಲ್ಲಗೆ ಹಿಂದಕ್ಕೆ ಎಳೆದು, ಸುರಕ್ಷಿತ ಎಂದು ಹೇಳುತ್ತ ಬಂದಿತ್ತು. ವರ್ಷಗಳು ಕಳೆದಂತೆ ಕಾಲುಗಳು ಆ ಎಳೆತಕ್ಕೇ ಒಗ್ಗಿದ್ದವು, ಗೋಡೆಯ ಕೆಂಪು ಇಳಿದದ್ದೂ ಅದಕ್ಕೇ.

"ನಾಳೆ ಮದ್ದು ಬ್ಯಾಡ" ಎಂದಳು.

ಸಂಪದಾಳ ಮುಖ ಬಿಗಿಯಿತು. "ಅವ್ವ, ನಿನಗ ಡಾಕ್ಟರ್ ಮ್ಯಾಲ ಅನುಮಾನ, ಔಷಧದ ಮ್ಯಾಲ ಅನುಮಾನ, ಈಗ ಒಂದು ದಾರಾ ಹಿಡಕೊಂಡು ನನ್ನ ಕಾಲಿನ ಮ್ಯಾಲ ಅನುಮಾನ. ನನಗ ಗಟ್ಟಿ ಆಗಬೇಕಾಗೈತಿ. ಓಡಬೇಕಾಗೈತಿ."

"ಗಟ್ಟಿ ಆಗೋದು ಹಿಂಗ ಡೊಂಕಾದಲ್ಲೇ ಆದ್ರ?"

"ಹಂಗಂತ ಡಾಕ್ಟರ್ ಹೇಳ್ಲಿ. ಅವರು ಹೇಳಿದ್ರ ಕೇಳ್ತೀನಿ."

*

ಗುರುವಾರ ಕೇಂದ್ರದ ಹಜಾರದಲ್ಲಿ ಸಡಿಲು ಬಳಗದ ಸದಸ್ಯರು ತಮ್ಮ ಮನೆಯವರೊಂದಿಗೆ ಕಾದಿದ್ದರು. ಬಳಗದಲ್ಲಿ ನಮಸ್ಕಾರ ಹೇಳುವ ರೀತಿಯೇ ಬೇರೆ: ಹೆಬ್ಬೆರಳನ್ನು ಹಿಂದಕ್ಕೆ ಮಡಚಿ ಮುಂಗೈಗೆ ಮುಟ್ಟಿಸುವುದು. ಬೇರೆಯವರಿಗೆ ಮೈ ಜುಮ್ಮೆನ್ನಿಸುವ ಆ ಕೆಲಸವನ್ನು ಸಂಪದಾ ಎಲ್ಲರಿಗೂ ಮಾಡಿ ತೋರಿಸಿ ಬೆಂಚಿನ ಮೇಲೆ ಕೂತಳು. ತಾಯಿಯ ಪಕ್ಕದಲ್ಲಲ್ಲ.

ಒಳಗೆ ಗಲಗಲಿಯವರು ದಾರವನ್ನೂ ಕೀಲಿಕೈಯನ್ನೂ ನೋಡಿದರು.

"ಇದ ಏನ್ರಿ ಪುರಾವೆ?"

"ನನ್ನ ಗಂಡನ ಕಾಲು ನೆಟ್ಟಗೈತ್ರಿ. ಆನಿಕೆ ಡೊಂಕು ಅಂತೈತಿ."

"ಬೇರೇದವರಿಗೆ ಹಾಕಿದ್ರ ಹಂಗೇ ಅಂತದ. ಸೊನ್ನೆ ನಿಮ್ಮ ಮಗಳದು."

"ಅದನ್ನ ಹೇಳಾಕತ್ತೀನ್ರಿ. ಆ ಸೊನ್ನೆ ತಪ್ಪೈತಿ. ಎಲ್ಲಾರ್ದೂ ತಪ್ಪೈತಿ."

"ಎಕ್ಸ್-ರೇ ನೋಡೀವಿ. ಎಲ್ಲಾರ ಕಾಲೂ ನೆಟ್ಟಗವ."

"ಮಲಗಿಸಿ ತಗಿಸೀರಲ್ರಿ. ಮಲಗಿದಾಗ ನಾವು ಕಾಲು ಒತ್ತೂದಿಲ್ಲ."

ಅವರು ದಾರದ ತುದಿಯ ಕೀಲಿಕೈಯನ್ನು ತಿರುಗಿಸಿ ನೋಡಿದರು. ಅವಳು ಅವರ ಮುಖವನ್ನೇ ನೋಡುತ್ತಿದ್ದಳು. ಗೊತ್ತಿದ್ದೂ ಮುಚ್ಚಿಟ್ಟವನ ಮುಖವೋ, ಈಗ ತಿಳಿದವನ ಮುಖವೋ? ಬಿಡಿಸಿ ಹೇಳಲಾಗಲಿಲ್ಲ.

"ರೋಗಿ ಹೇಳಿದ್ದೇ ಮೊದಲ ಅಳತಿ, ಅದನ್ನ ಯಾರೂ ತಿದ್ದಬಾರದು ಅಂತ ನಿಯಮ ಮಾಡಿಸಿದವರು ಯಾರ್ರಿ?" ಎಂದರು ಕೊನೆಗೆ. "ನಿಮ್ಮ ಬಳಗದವರು. ಇದೇ ಬಾಗಿಲ ಮುಂದ ಉಪವಾಸ ಕೂತು ಮಾಡಿಸಿದ್ರಿ. ಇಷ್ಟು ವರ್ಷ ಯಾರೂ ನಮ್ಮನ್ನ ನಂಬಲಿಲ್ಲ, ಇನ್ನರೆ ನಂಬ್ರಿ ಅಂದ್ರಿ. ನಂಬಿದೆ. ಈಗ ನಂಬಿದ್ದ ತಪ್ಪಾತೇನು?"

ಆ ಉಪವಾಸದಲ್ಲಿ ಅವಳೂ ಕೂತಿದ್ದಳು.

"ನೋಡ್ರಿ, ಕಡೇ ಗಳಿಗೆಯೊಳಗ ತಾಯಿ ಅಂದಾಕಿ ಹೆದರೂದು ಸಹಜ ಅದ..."

"ಹೆದರಿಕಿ ಅಲ್ರಿ. ಒಂದು ಸಲ ಹೊರಗ ಬರ್ರಿ. ಎಲ್ಲಾರನ್ನೂ ನಿಲ್ಲಸ್ರಿ. ಎದುರಿಗೆ ನಿಂತು ನೋಡಬ್ಯಾಡ್ರಿ, ಪಕ್ಕಕ್ಕ ನಿಂತು ನೋಡ್ರಿ. ಆಮ್ಯಾಲೂ ಮದ್ದು ಕೊಡ್ತೀನಿ ಅಂದ್ರ ನನ್ನ ಮಗಳ ಕಾಲು ನಾನ ಹಿಡೀತೀನಿ."

ಗಲಗಲಿ ಎದ್ದರು. ಒಪ್ಪಿ ಎದ್ದರೋ, ಅವಳನ್ನು ಬೇಗ ಸಾಗಹಾಕಲು ಎದ್ದರೋ. ಹಜಾರಕ್ಕೆ ಬಂದು, ರೋಗಿಗಳೂ ಅವರ ಮನೆಯವರೂ ಗೋಡೆಗುಂಟ ಒಂದೇ ಸಾಲಿನಲ್ಲಿ ನೇರವಾಗಿ ನಿಲ್ಲಬೇಕೆಂದರು.

"ಯಾಕ್ರಿ ಸರ್, ಪರೇಡ್ ಐತೇನು?" ಎಂದ ಒಬ್ಬ. ನಗೆ ಎದ್ದಿತು. ಎಲ್ಲರೂ ನಿಂತರು. ಕೊರಳ ಗುಂಡಿಗಳಿಂದ ಒಂದರ ಹಿಂದೊಂದು ದನಿ: ನೇರವಾಗಿದೆ, ಸುರಕ್ಷಿತ. ನೇರವಾಗಿದೆ, ಸುರಕ್ಷಿತ.

ಎದುರಿನಿಂದ ನೋಡಿದರೆ ಏನೂ ಇರಲಿಲ್ಲ. ಗಲಗಲಿ ಸಾಲಿನ ತುದಿಗೆ ನಡೆದು, ಗೋಡೆಗೆ ಭುಜ ತಾಗಿಸಿ, ಸಾಲಿನುದ್ದಕ್ಕೂ ಕಣ್ಣು ಹಾಯಿಸಿದರು. ಮನೆಯವರ ಕಾಲುಗಳು ಕಂಬಗಳಂತೆ ಇದ್ದವು. ಅವುಗಳ ನಡುವೆ ರೋಗಿಗಳ ಕಾಲುಗಳು, ಒಂದೊಂದೂ ಹಿಂದಕ್ಕೆ ಬಾಗಿ. ಅವರೆಲ್ಲ ವರ್ಷಗಟ್ಟಲೆ ಗಲಗಲಿಯವರ ಮುಂದೆ ನಡೆದಾಡಿದವರೇ. ಆದರೆ ಡಾಕ್ಟರು ನೋಡುತ್ತಿದ್ದುದು ಗೋಡೆಯ ಹಸಿರು ಚುಕ್ಕೆಗಳನ್ನು.

ಆಮೇಲೆ ಸಂಪದಾಳ ಹತ್ತಿರ ಬಂದು ಮಂಡಿಯೂರಿದರು.

"ತಂಗಿ, ಮೊಣಕಾಲು ಒಂಚೂರು ಮುಂದಕ್ಕ ಬಿಡು. ಇನ್ನೂ ಬಿಡು. ಹಾಂ, ಅಲ್ಲೇ. ಹೆಂಗನಸ್ತದ?"

"ಕುರ್ಚಿ ಮ್ಯಾಲ ಕುಂತಂಗ ಅನಸ್ತೈತ್ರಿ. ಬೀಳತೀನಿ ಅನಸ್ತೈತಿ."

"ಮೊಣಕಾಲು ಬಾಗಿದೆ" ಎಂದಿತು ಅವಳ ಕೊರಳ ಗುಂಡಿ. ತೊಡುಗೆ ಹಿಂದಕ್ಕೆ ಎಳೆಯತೊಡಗಿತು. ಗಲಗಲಿಯವರು ಅಂಗೈಯನ್ನು ಅವಳ ಮೊಣಕಾಲಿನ ಹಿಂದೆ ಇಟ್ಟು, ಆ ಎಳೆತವನ್ನು ತಾವೇ ತಡೆದು ನೋಡಿದರು. ಅದು ಎಷ್ಟು ಬಲವಾಗಿ ಎಳೆಯುತ್ತದೆಂದು ಅವರ ಕೈಗೆ ಗೊತ್ತಾದದ್ದು ಆಗ.

"ಇವತ್ತು ಯಾರಿಗೂ ಮದ್ದು ಇಲ್ಲ" ಎಂದರು ಎದ್ದು ನಿಂತು. ಹಜಾರದಲ್ಲಿ ಗದ್ದಲವೆದ್ದಿತು. ಆ ಗದ್ದಲದಲ್ಲಿಯೇ ನೀಲಾಂಬಿಕಾಗೆ ಮಾತ್ರ ಕೇಳುವಂತೆ ಅಂದರು: "ಮುಂಜಾನೆ ಒಬ್ಬರಿಗೆ ಆಗೇದ."

*

ಸುಶೀಲಾಬಾಯಿ ಕುಂದಗೋಳ ಒಳಗಿನ ಕೋಣೆಯಲ್ಲಿದ್ದರು. ನಿವೃತ್ತ ಶಾಲಾ ಶಿಕ್ಷಕಿ, ಬಳಗದ ಹಿರಿಯರು. ಕಾದಿರಲು ಆಗದು, ಮೊದಲು ನನಗೇ ಹಾಕಿ ಎಂದು ನಸುಕಿನಲ್ಲೇ ಬಂದು ಕೂತಿದ್ದರಂತೆ. ನೀಲಾಂಬಿಕಾ ಕಿಟಕಿಯಿಂದ ಇಣುಕಿದಾಗ ಅವರು ಬಲಗಾಲನ್ನು ನೆಲಕ್ಕೆ ಊರಿ ಊರಿ ನೋಡಿಕೊಂಡು, ಒಬ್ಬರೇ ನಗುತ್ತಿದ್ದರು. ಕಾಲು ಹಿಂದಕ್ಕೆ ಬಾಗಿತ್ತು. ಕಲ್ಲಿನಂತೆ ನಿಂತಿತ್ತು.

"ನಾನೂ ಒಳಗ ಬರ್ತೀನ್ರಿ" ಎಂದಳು.

"ಬ್ಯಾಡ. ನಾ ಹೇಳ್ತೀನಿ."

ಗಲಗಲಿ ಒಳಗೆ ಹೋದರು. ಹೇಳುತ್ತಾರೆ ಎಂಬ ಭರವಸೆ ಅವಳಿಗೆ ಇರಲಿಲ್ಲ. ಬಾಗಿಲು ಪೂರ್ತಿ ಮುಚ್ಚದಂತೆ ಪಾದ ಅಡ್ಡ ಇಟ್ಟು ಕಿವಿಗೊಟ್ಟು ನಿಂತಳು. ಮೊದಲು ಅವರು ನಾರು, ಕೋನ, ಪರಾಮರ್ಶೆ ಎಂದು ಏನೇನೋ ಆಡಿದರು. ಅವಳು ಬಾಗಿಲು ತಳ್ಳಿ ಒಳಗೆ ನುಗ್ಗುವುದರಲ್ಲಿದ್ದಳು. ಆಗ ಅವರ ದನಿ ಬದಲಾಯಿತು.

"ಬಾಯಾರ, ನಾವು ನಿಮ್ಮ ಕಾಲು ತಪ್ಪು ಜಾಗಾದಾಗ ಗಟ್ಟಿ ಮಾಡೀವಿ."

ಒಳಗೆ ಊರುತ್ತಿದ್ದ ಹೆಜ್ಜೆಯ ಸದ್ದು ನಿಂತಿತು.

"ನೀವು ನೇರ ನಿಲ್ರಿ ಅಂದ್ರಿ, ನಿಂತೆ" ಎಂದರು ಸುಶೀಲಾಬಾಯಿ ನಿಧಾನವಾಗಿ. "ನಾ ನಿಂತಿದ್ದು ನನಗ ಕಾಣೂದಿಲ್ಲ. ನೀವು ಎದುರಿಗೇ ಇದ್ರಿ. ನಿಮಗೂ ಕಾಣಲಿಲ್ಲೇನು?"

ಬಾಗಿಲ ಸಂದಿನಲ್ಲಿ ಗಲಗಲಿ ಮತ್ತೆ ಮಂಡಿಯೂರುವುದು ಕಾಣಿಸಿತು.

"ಇನ್ನೊಂದು ಕಾಲಿಗೆ ಕೈ ಹಚ್ಚಬ್ಯಾಡ್ರಿ" ಎಂದರು ಸುಶೀಲಾಬಾಯಿ.

*

ಮುಂದಿನ ವಾರಗಳಲ್ಲಿ ಬಳಗದ ಪ್ರತಿ ಮನೆಯಲ್ಲೂ ದಾರಕ್ಕೆ ಒಂದು ತೂಕ ಕಟ್ಟಿ ಸೊನ್ನೆಯನ್ನು ಹೊಸದಾಗಿ ಇಟ್ಟರು. ದಾರ ಹಿಡಿಯಲು ರೋಗವಿಲ್ಲದ ಒಬ್ಬರು ಇರಲೇಬೇಕೆಂದು ಹೊಸ ನಿಯಮವಾಯಿತು. ಕೇಂದ್ರದ ಗೋಡೆ ಮತ್ತೆ ಕೆಂಪಾಯಿತು. ಸಮಿತಿಯ ಮುಂದೆ ಗಲಗಲಿಯವರು ಸುಶೀಲಾಬಾಯಿಯ ವಿಷಯವನ್ನು ಮುಚ್ಚಿಡಲಿಲ್ಲವಂತೆ. ಅಂತೆ ಎಂದಷ್ಟೇ ನೀಲಾಂಬಿಕಾಗೆ ಗೊತ್ತು. ಆ ಸಭೆಗೆ ಅವಳನ್ನು ಕರೆದಿರಲಿಲ್ಲ. ಸುಶೀಲಾಬಾಯಿ ಬಳಗದ ಸಭೆಗೆ ಕೋಲು ಹಿಡಿದು ಬರುತ್ತಾರೆ, ಕೊಂಡಿ ಬಿದ್ದ ತಮ್ಮ ಬಲಗಾಲನ್ನು ಬಂದವರೆಲ್ಲ ಪಕ್ಕದಿಂದ ನೋಡಲೇಬೇಕೆಂದು ಹಟ ಹಿಡಿಯುತ್ತಾರೆ.

ಹೊಸ ಸೊನ್ನೆಯಲ್ಲಿ ನಿಲ್ಲುವುದು ಸಂಪದಾಗೆ ಇನ್ನೂ ರೂಢಿಯಾಗಿರಲಿಲ್ಲ. "ಜಗತ್ತಿನ ಮಂದಿ ಎಲ್ಲಾ ಹಿಂಗ ಅರ್ಧ ಕುಂತಗೊಂಡ ಇರ್ತಾರೇನವ್ವ?" ಎಂದು ಗೊಣಗುತ್ತಿದ್ದಳು. ನೋವು ಅರ್ಧ ಇಳಿದಿತ್ತು. ಉಳಿದರ್ಧದ ಕಾರಣ ಯಾರಿಗೂ ಗೊತ್ತಿರಲಿಲ್ಲ.

ಒಂದು ಸಂಜೆ ಅವಳು ಮೆಟ್ಟಿಲಿಳಿದು ಬರುತ್ತಿದ್ದಳು. ಕಡೆಯ ಮೆಟ್ಟಿಲಲ್ಲಿ ಕಂಬಿ ಹಿಡಿದಳು.

"ಬಲ ಮೊಣಕಾಲು ನೇರವಾಗಿದೆ. ಸುರಕ್ಷಿತ" ಎಂದಿತು ಆನಿಕೆ. ಈಗ ಅದು ಹೇಳಿದ್ದು ನಿಜವೇ. ದಾರ ಹಿಡಿದು ಇಟ್ಟ ಸೊನ್ನೆ.

ನೀಲಾಂಬಿಕಾಳ ಫೋನು ಕಿಟಕಿಯ ಕಟ್ಟೆಯ ಮೇಲೆ ಬೋರಲಾಗಿ ಬಿದ್ದಿತ್ತು. ಅವಳ ಕೈ ಅತ್ತ ಹೋಗಿ ಹಿಂದಕ್ಕೆ ಬಂತು.

"ನೋವೈತೇನ?"

ಸಂಪದಾ ರೂಢಿಯಂತೆ ಕೊರಳ ಗುಂಡಿಯ ಕಡೆಗೆ ಗದ್ದ ತಗ್ಗಿಸಿದಳು. ಅದು ಹೇಳುವುದನ್ನು ಹೇಳಿ ಮುಗಿಸಿತ್ತು. ಆಮೇಲೆ ತನ್ನ ಕಾಲನ್ನು ನೋಡಿಕೊಂಡಳು.

"ಐತಿ" ಎಂದಳು. "ಒಳಗ. ಚಿಪ್ಪಿನ ಕೆಳಗ."

ತಾಯಿ ಮೆಟ್ಟಿಲ ಮೇಲೆ ಕೂತು ಮಗಳ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಎಲ್ಲಿ, ಬೆರಳಿಟ್ಟು ತೋರಸು."